ಮೆರೆಂಗೆಗೆ ಹಾಕಿದ ಆದಿತಾಳ

ಆಸ್ಟ್ರೇಲಿಯಾದ ಪರ್ತಿನ ಒಂದು ಸಮುದಾಯ ರೇಡಿಯೊದಲ್ಲಿ ನಮ್ಮ ಆಲ್ಬಮ್ಮಿನ ಬಗ್ಗೆ ಮಾತನಾಡಿದಾತ ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿದ್ದು ನನ್ನ ಮೃದಂಗವನ್ನು. ಈ ಡ್ರಮ್ ಉಳಿದವರಿಗಿಂತ ಕೂದಲೆಳೆಯಷ್ಟು ಹಿಂದೆ ನಡೆಯುತ್ತದೆ, ಅದೇ ಇದರ ಸೊಗಸು, ಭಾರತೀಯರ ಗುಟ್ಟು ಇರಬೇಕು ಎಂದ. ಮೋರ್ಲಿಯ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿ ಕೂತು ಅದನ್ನು ಕೇಳಿಸಿಕೊಂಡ ನಾನು ಹೆಮ್ಮೆಯಿಂದ ಉಬ್ಬಿಹೋದೆ. ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಈಗ ಯಾರಾದರೂ ಆ ಮಾತು ತೆಗೆದರೆ ವಿಷಯ ಬದಲಿಸುತ್ತೇನೆ. ನಾನು ಬೇಕೆಂದು ಹಿಂದೆ ಬಿದ್ದಿರಲಿಲ್ಲ. ಹಿಂದೆ ಬೀಳುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆಲ್ಬಮ್ ನನ್ನದಲ್ಲ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದ ಒಬ್ಬ ಡೀಸೆಲ್ ಮೆಕ್ಯಾನಿಕ್‌ನದು. ನಾನು ಎಂಜಿನಿಯರ್ ಆಗಿರುವ ಗಣಿಯಲ್ಲೇ ಅವನಿಗೂ ಕೆಲಸ. ಎರಡು ವಾರ ಕೆಂಪು ಧೂಳಿನ ಕ್ಯಾಂಪು, ಒಂದು ವಾರ ಪರ್ತಿನ ಮನೆ, ಹೀಗೆ ನಮ್ಮಿಬ್ಬರ ಬದುಕೂ ಒಂದೇ ವಿಮಾನದಲ್ಲಿ ಹೋಗಿ ಬರುತ್ತಿತ್ತು. ಕ್ಯಾಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂತು ಅವನು ಗಿಟಾರ್ ನುಡಿಸಿ ಹಾಡುತ್ತಿದ್ದ. ಮೆರೆಂಗೆ ಕುಣಿಯುವ ಕಾಲಿಗೆ, ಬಚಾತಾ ಅಳುವ ಎದೆಗೆ, ನಮ್ಮೂರಲ್ಲಿ ಇವೆರಡಿದ್ದರೆ ಊಟವೂ ಬೇಡ ಅನ್ನುತ್ತಿದ್ದ. ಒಂದು ಸಲ ನಮ್ಮ ಮನೆಗೆ ಬಂದವನು ನನ್ನ ಮೃದಂಗ ನೋಡಿ ನಕ್ಕುಬಿಟ್ಟ. ಅವರ ತಂಬೋರಾ ಎಂಬ ಡೋಲಿಗೂ ಎರಡು ಮುಖ, ಅದನ್ನೂ ತೊಡೆಯ ಮೇಲಿಟ್ಟೇ ಬಾರಿಸುತ್ತಾರಂತೆ.

"ಇದು ನಮ್ ಡೋಲಿನ ದೊಡ್ಡಪ್ಪ, ಬ್ರದರ್. ಆಲ್ಬಮ್‌ಗೆ ಇದೇ ಬೇಕು," ಅಂದ.

ಅವನ ಗ್ಯಾರೇಜಿನಲ್ಲೇ ರೆಕಾರ್ಡಿಂಗ್ ನಡೆಯಿತು. ಅವನು ಗಿಟಾರು ಮತ್ತು ಹಾಡು. ಅವನ ಹೆಂಡತಿ ಗುಯಿರಾ ಕೆರೆಯುವವಳು. ಗುಯಿರಾ ಅಂದರೆ ಕ್ಯಾರೆಟ್ ತುರಿಯುವ ತಗಡನ್ನು ಸುತ್ತಿ ಕೊಳವೆ ಮಾಡಿದಂಥ ವಾದ್ಯ. ನಾನು ಎಡಮುಖಕ್ಕೆ ರವೆ ಕಲಸಿ ಮೆತ್ತಿ, ಕಾಲು ಮಡಚಿ ಕೂತು ಬಾರಿಸಿದೆ. ಲಯ ತೋರಿಸುವ ಮೆಷಿನ್ನಿನ ಟಿಕ್ ಟಿಕ್ ಕಿವಿಗೆ ಹಾಕಿಕೊಳ್ಳುವುದು ಬೇಡ, ಮೂವರೂ ಒಟ್ಟಿಗೆ ಉಸಿರಾಡೋಣ ಎಂದು ಅವನೇ ಹಟ ಹಿಡಿದ. ಅವನ ಹಾಡು ನನ್ನ ಪೆಟ್ಟಿಗಾಗಿ ಒಂದು ಕ್ಷಣ ಕಾದು ಮುಂದೆ ಹೋಗುತ್ತಿತ್ತಂತೆ. ನನ್ನ ಶೈಲಿ ಅಂದುಕೊಂಡನಂತೆ. ಪಾಪ, ಅವನದೇನೂ ತಪ್ಪಿಲ್ಲ.

ಸೂಚನೆಗಳಿದ್ದವು. ಕ್ಯಾಂಪಿನ ಮೆಸ್ಸಿನಲ್ಲಿ ಫೋರ್ಕಿನಲ್ಲಿ ತಿನ್ನುವುದರಿಂದ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಸಾರನ್ನ ಕಲಸುವಾಗ ಬಲಗೈಯ ಉಂಗುರಬೆರಳು ತನ್ನಷ್ಟಕ್ಕೆ ಅಂಗೈಯೊಳಕ್ಕೆ ಮಡಚಿಕೊಳ್ಳುತ್ತಿತ್ತು. ತುತ್ತು ಅರ್ಧ ತಟ್ಟೆಗೇ ಬೀಳುತ್ತಿತ್ತು. ಎದುರಿಗೆ ಕೂತ ನನ್ನ ಹೆಂಡತಿ ಅದನ್ನು ನೋಡುತ್ತಿದ್ದಳು.

ಇಲ್ಲಿ ಅವಳ ಬಗ್ಗೆ ಹೇಳಲೇಬೇಕು. ಮೈಸೂರಿನಲ್ಲಿ ಸಂಗೀತ ಕಲಿತವಳು, ನನಗಿಂತ ಚೆನ್ನಾಗಿ ಕಲಿತವಳು. ಬೇರೆ ವಿಷಯದಲ್ಲಿ ಬೆಣ್ಣೆ, ತಾಳದ ವಿಷಯದಲ್ಲಿ ಗಂಡ ಅಂತಲೂ ನೋಡುವುದಿಲ್ಲ. ಮದುವೆಯಾದ ಹೊಸದರಲ್ಲಿ ರಾಮನವಮಿಗೆ ಅವಳು ಹಾಡಿ ನಾನು ನುಡಿಸುತ್ತಿದ್ದಾಗ ಹುರುಪಿನಲ್ಲಿ ಸ್ವಲ್ಪ ಓಡಿಬಿಟ್ಟೆ. ತುಂಬಿದ ಸಭೆಯಲ್ಲಿ ಹಾಡು ನಿಲ್ಲಿಸಿ, ನನ್ನ ಕಡೆ ನೋಡಿ, ಮೊದಲಿನಿಂದ ಶುರುಮಾಡಿದಳು. ನಮ್ಮ ಮಾವನವರೇ ತಲೆ ತಗ್ಗಿಸಿ ಕೂತಿದ್ದರು.

ಆಲ್ಬಮ್ಮನ್ನು ಮೊದಲು ಅವಳಿಗೆ ಕೇಳಿಸಿದ್ದು ಅಡುಗೆಮನೆಯಲ್ಲಿ. ಹುರುಳಿಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಕಟ್ಟೆಯ ಮೇಲೆ ಆದಿತಾಳ ಹಾಕತೊಡಗಿದಳು. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಎರಡನೆಯ ಹಾಡು ಮುಗಿಯುವ ಮೊದಲೇ ಅವಳ ಕೈ ನಿಂತಿತು. ಹೋಗಿ ಏನೂ ಇಲ್ಲದ ಸಿಂಕಿನಲ್ಲಿ ನಲ್ಲಿ ತಿರುಗಿಸಿದಳು.

"ಇಷ್ಟ ಆಗ್ಲಿಲ್ವಾ?"

"ಚೆನ್ನಾಗಿದೆ. ರೀ, ನಿಮ್ ಕೈ ನೋಯ್ತಿದ್ಯಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಆಲ್ಬಮ್ ಹೇಗಿದೆ ಅಂದರೆ ಕೈ ಹೇಗಿದೆ ಅನ್ನುತ್ತಾಳಲ್ಲ ಎಂದು ರೇಗಿದೆ. ಅವಳು ಚಾಕು ಎತ್ತಿಕೊಂಡು ಹುರುಳಿಕಾಯಿಗೆ ಮರಳಿದಳು.

ಪರ್ತಿನ ಬಿಡುಗಡೆ ಕಾರ್ಯಕ್ರಮಕ್ಕೆ ಆ ಮೆಕ್ಯಾನಿಕ್‌ನ ಕಡೆಯವರೂ ಬಂದರು, ನಮ್ಮ ಕನ್ನಡದವರೂ ಬಂದರು. ಅವರು ಹಾಲಿನ ಹಿಂದುಗಡೆ ಜೋಡಿಜೋಡಿಯಾಗಿ ಕುಣಿದರು. ನಮ್ಮವರು ಕುರ್ಚಿಗಳನ್ನು ಮುಂದಕ್ಕೆ ಎಳೆದು, ಸಾಲಾಗಿ ಕೂತು, ತೊಡೆಯ ಮೇಲೆ ತಾಳ ಹಾಕಿದರು. ಸೊಂಟ ಕುಣಿಸುವ ಮೆರೆಂಗೆಗೆ ಆದಿತಾಳ. ಒಬ್ಬರೂ ನಗುತ್ತಿರಲಿಲ್ಲ, ಅಷ್ಟು ಭಕ್ತಿ.

"ಅವ್ರಿಗೆ ನಮ್ ಮೇಲೆ ಕೋಪಾನಾ?" ಎಂದು ನಡುವೆ ಗಾಯಕ ನನ್ನ ಕಿವಿಯಲ್ಲಿ ಕೇಳಿದ.

"ಕೋಪ ಅಲ್ಲಪ್ಪ, ಅದೇ ನಮ್ಮ ಡ್ಯಾನ್ಸು," ಅಂದೆ.

ಮುಂದಿನ ಸಾಲಿನ ಆಂಟಿಯೊಬ್ಬರ ಬೆರಳು ಪ್ರತಿ ಆವರ್ತದ ಮೂರನೆಯ ಎಣಿಕೆಗೆ ನನಗಿಂತ ಮೊದಲೇ ಬೀಳುತ್ತಿತ್ತು. ವಾಪಸು ಬರುವಾಗ ಕಾರಿನಲ್ಲಿ ಅವರನ್ನು ಚೆನ್ನಾಗಿ ಆಡಿಕೊಂಡೆ. ತಾಳ ಬಾರದಿದ್ದ ಮೇಲೆ ಕೈ ಕಟ್ಟಿಕೊಂಡು ಕೂರಬಾರದೇ ಅಂದೆ. ಟಿಕೆಟ್ ಮೇಜಿನ ಹತ್ತಿರ ಕೂತು ಕೇಳಿದ್ದ ನನ್ನ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಅವಳು ನಗದಿದ್ದದ್ದು ನನಗೆ ಹಿಡಿಸಲಿಲ್ಲ.

ಬ್ರಿಸ್ಬೇನಿನ ಎರಡನೆಯ ಕಾರ್ಯಕ್ರಮಕ್ಕೆ ಅವಳು ಬರಲಿಲ್ಲ, ರಜೆ ಸಿಗಲಿಲ್ಲ. ಅಲ್ಲಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಒಂದು ಸಣ್ಣ ಸಭಾಂಗಣ. ಒಂದೇ ಅಚ್ಚಿನ ಮನೆಗಳ ನಡುವೆ ಇಡೀ ಬಡಾವಣೆಯ ಕನ್ನಡಿಗರು ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು. ಅಲ್ಲೂ ಅದೇ ಸಾಲು ಕುರ್ಚಿ, ಅದೇ ತೊಡೆ. ಮೊದಲ ಹಾಡಿನಲ್ಲೇ ಕಣ್ಣೆತ್ತಿ ನೋಡಿದೆ. ಸಾಲಿನ ಅಷ್ಟೂ ಕೈಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು, ಮೂರನೆಯ ಎಣಿಕೆಗೆ ಒಟ್ಟಿಗೆ ನನಗಿಂತ ಮುಂದಿದ್ದವು. ಒಬ್ಬರು ತಪ್ಪಬಹುದು. ಒಂದು ಸಾಲಿಗೆ ಸಾಲು, ಒಂದೇ ಅಳತೆಯಲ್ಲಿ ತಪ್ಪುತ್ತದೆಯೇ? ಬಲಗೈ ನೋಡಿಕೊಂಡೆ. ಮೂರು ಬೆರಳು ಒಟ್ಟಿಗೆ ಬೀಳಬೇಕಾದ ಪೆಟ್ಟಿನಲ್ಲಿ ಎರಡು ಮಾತ್ರ ಬೀಳುತ್ತಿದ್ದವು. ಉಂಗುರಬೆರಳು ಒಳಕ್ಕೆ ಮಡಚಿ, ಉಗುರು ಕೆರೆದುಕೊಂಡು ಆಮೇಲೆ ಬರುತ್ತಿತ್ತು. ಅದು ಬರಲಿ ಎಂದು ಕೈಯೇ ನನಗೆ ತಿಳಿಸದೆ ನಿಧಾನವಾಗುತ್ತಿತ್ತು. ಹಿಂದೆ ಕುಣಿಯುವವರಿಗೆ ಗುಯಿರಾ ಸಾಕು, ಅವರಿಗೇನೂ ತಿಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ನಾನೇ.

ಮುಗಿದ ಮೇಲೆ ಅಲ್ಲಿನ ಆಂಟಿಯೊಬ್ಬರು ತಟ್ಟೆಗೆ ಚಿತ್ರಾನ್ನ ಹಾಕುತ್ತಾ, "ತುಂಬಾ ಚೆನ್ನಾಗಿತ್ತು. ಸ್ವಲ್ಪ ಹಿಂದ್ ಹಿಂದೆ ನುಡಿಸ್ತೀರಲ್ಲ, ಅದು ಅವ್ರ ಸ್ಟೈಲಾ? ರೇಡಿಯೋದಲ್ಲೂ ಹೇಳಿದ್ರಂತೆ," ಅಂದರು.

"ಹೂಂ ಆಂಟಿ, ಅವ್ರ ಸ್ಟೈಲು," ಅಂದೆ. ಚಿತ್ರಾನ್ನವನ್ನು ಚಮಚದಲ್ಲಿ ತಿಂದೆ.

ಪರ್ತಿಗೆ ಬಂದು ಡಾಕ್ಟರಿಗೆ ತೋರಿಸಿದೆ. ಬೆರಳು ಎಳೆದು, ಬಿಟ್ಟು, ಕಣ್ಣು ಮುಚ್ಚಿಸಿ ಮುಟ್ಟಿ ನೋಡಿದರು. ನಾನು ಒಳಗೆ ಬಂದಾಗ ಕ್ರಿಕೆಟ್ ಬಗ್ಗೆ ಹರಟುತ್ತಿದ್ದವರು ಹೊರಡುವಾಗ ಮಾತು ಕಡಿಮೆ ಮಾಡಿದರು. ನರಗಳ ತಜ್ಞರನ್ನು ನೋಡಿ, ತಡ ಮಾಡಬೇಡಿ ಎಂದರು. ಇನ್ನೂ ಉಳಿದಿದ್ದ ಅಡಿಲೇಡ್ ಕಾರ್ಯಕ್ರಮ ಮುಗಿಯಲಿ ಎಂದುಕೊಂಡೆ. ಈ ಕೈ ಹೋದರೆ ಗಣಿಯ ಕೆಲಸಕ್ಕೇನೂ ಆಗದು, ಅಲ್ಲಿ ನನಗೆ ಕೀಬೋರ್ಡು ಸಾಕು. ಆದರೆ ಏಳನೆಯ ವಯಸ್ಸಿನಿಂದ ನಾನು ಅಂದರೆ ಮೃದಂಗ. ಅದಿಲ್ಲದ ನನ್ನನ್ನು ನಾನೇ ನೋಡಿಲ್ಲ. ಹೆದರಿಕೆಯಾಗಿತ್ತು, ಯಾರಿಗೂ ಹೇಳಲಿಲ್ಲ.

"ಅಡಿಲೇಡಿಗೆ ನಾನೂ ಬರ್ತೀನಿ," ಅಂದಳು ಹೆಂಡತಿ. ವಿಮಾನದಲ್ಲಿ ಹಾಡುಗಳ ಕ್ರಮ ನೋಡಿ, "ಕೊನೇಲಿ ಅಳೋ ಹಾಡು ಯಾಕಿಟ್ಟಿದ್ದಾರೆ? ಮಂಗಳ ಹಾಡೋ ಪದ್ಧತಿ ಇಲ್ವಾ ಅವ್ರಲ್ಲಿ?" ಎಂದು ಕೇಳಿದಳು.

"ಇಲ್ಲ ಕಣೆ. ಅವ್ರದ್ದು ಹಾಗೇ ಮುಗಿಯೋದು."

ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಆ ಮಧ್ಯಾಹ್ನ ಉತ್ತರದ ಬಿಸಿಗಾಳಿ ಎದ್ದಿತ್ತು. ಹಾಲಿನ ತಗಡಿನ ಸೂರು ಕಟಕಟ ಎನ್ನುತ್ತಿತ್ತು, ಕಿಟಕಿಗಳಾಚೆ ಆಕಾಶ ಮಣ್ಣಿನ ಬಣ್ಣ. ಬೇಗ ಮುಗಿಸಿ ಎಂದು ಹಾಲಿನವರು ಎರಡು ಸಲ ಬಂದು ಹೇಳಿದರು. ಒಣಗಾಳಿಗೆ ಮೃದಂಗದ ಶ್ರುತಿ ಏರುತ್ತಾ ಹೋಗುತ್ತಿತ್ತು, ರವೆ ಬಿರುಕು ಬಿಟ್ಟಿತು. ನನ್ನ ಹೆಂಡತಿ ಮುಂದಿನ ಸಾಲಿನ ನಡುವೆ, ನನಗೆ ನೇರ ಎದುರಿಗೆ ಬಂದು ಕೂತಳು. ಸೆರಗು ಸರಿಮಾಡಿಕೊಂಡು ಕೈಯನ್ನು ತೊಡೆಯ ಮೇಲಿಟ್ಟಳು. ರಾಮನವಮಿಯ ಹಾಗೆ ಈ ಸಲವೂ ಸಭೆಯಲ್ಲೇ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಿದರೆ ನಿಲ್ಲಿಸಲಿ ಅಂತಲೂ ಅನ್ನಿಸಿತು.

ಮೆರೆಂಗೆಗಳಲ್ಲಿ ಅವಳ ಬೆರಳು ಉಳಿದವರ ಜೊತೆಯಲ್ಲೇ, ನನಗಿಂತ ಮುಂದೆ ಬಿತ್ತು. ಹಿಡಿಯೋಣವೆಂದು ನಾನು ಜೋರು ಮಾಡಿದೆ. ಜೋರು ಮಾಡಿದಷ್ಟೂ ನನ್ನ ಉಂಗುರಬೆರಳು ಇನ್ನಷ್ಟು ಒಳಗೆ ಸುರುಟಿಕೊಂಡಿತು. ಬೆವರು ಕಣ್ಣಿಗಿಳಿಯಿತು. ಆಮೇಲೆ ಕೊನೆಯ ಬಚಾತಾ ಶುರುವಾಯಿತು. ಗಿಟಾರು ಒಂದು ಸುತ್ತು ಮುಗಿಸಿ ಬಂತು, ನಾನು ಸೇರಿಕೊಂಡೆ, ಅವಳ ಕಡೆ ನೋಡಿದೆ.

ಒಂದು ತಟ್ಟು. ಕಿರುಬೆರಳು. ಉಂಗುರಬೆರಳು ಬೀಳಬೇಕಾದ ಜಾಗದಲ್ಲಿ ಅವಳ ಕೈ ಗಾಳಿಯಲ್ಲೇ ನಿಂತಿತು. ನನ್ನ ಪೆಟ್ಟು ಬಿದ್ದ ಮೇಲೆ ಅದೂ ಬಿತ್ತು. ಕಣ್ಣು ತಪ್ಪಿರಬೇಕೆಂದುಕೊಂಡೆ. ಮುಂದಿನ ಆವರ್ತದಲ್ಲೂ ಹಾಗೆಯೇ. ಹಾಡು ಮುಗಿಯುವವರೆಗೂ ಹಾಗೆಯೇ. ಇಷ್ಟು ವರ್ಷದಲ್ಲಿ ಯಾರಿಗೋಸ್ಕರವೂ ತಾಳ ಬಿಟ್ಟುಕೊಡದವಳು ನನ್ನ ಬೆರಳಿಗಾಗಿ ಕಾಯುತ್ತಿದ್ದಳು. ಡಾಕ್ಟರು ಹೇಳದೆ ಉಳಿಸಿದ್ದು ನನಗೆ ಅಲ್ಲಿ ಪೂರ್ತಿ ತಿಳಿಯಿತು. ಆ ಸಾಲಿನಲ್ಲಿ ಎಲ್ಲರ ತಾಳವೂ ಸರಿಯಾಗಿತ್ತು, ಅವಳೊಬ್ಬಳದು ಬಿಟ್ಟು.