ಅವರು ಖುದ್ದಾಗಿ ಬಂದಿದ್ದರು

ಚುನಾವಣೆ ಡ್ಯೂಟಿ ಎಂದ ಕೂಡಲೇ ಬಿ.ಪಿ., ಶುಗರ್ ಎಂದು ಅರ್ಜಿ ಹಿಡಿದು ಓಡುವವರ ಸಾಲಿಗೆ ನಾನು ಸೇರಿದವಳಲ್ಲ. ಸಾಗರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗೆ ಆಯೋಗದ ಕೈಪಿಡಿ ಓದುವುದು ಕಷ್ಟವೂ ಅಲ್ಲ. ಆದರೂ ಆ ಲೋಕಸಭಾ ಚುನಾವಣೆಯಲ್ಲಿ, ಹೊಸನಗರದಾಚೆಯ ಒಂದು ಸಣ್ಣ ಶಾಲೆಯ ಮತಗಟ್ಟೆಗೆ ಪ್ರಿಸೈಡಿಂಗ್ ಆಫೀಸರ್ ಆಗಿ ಹೋಗಿ ನಾನು ಮಾಡಿದ ತಪ್ಪು, ಮಾಡಲೇಬಾರದು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವಂಥದ್ದು.

ಆ ಶಾಲೆಯ ಬಿಸಿಯೂಟದ ಅಡುಗೆಯವಳೇ ನಮಗೂ ಅಡುಗೆ ಮಾಡುತ್ತಿದ್ದಳು. ಮಾತು ಕಡಿಮೆ, ಕೈ ಚುರುಕು. ಬೆಳಿಗ್ಗೆ ಏಳಕ್ಕೆ ಮತದಾನ ಶುರುವಾದದ್ದೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸಾಲಿನಲ್ಲಿ ನಿಂತಳು. ಅವರ ಮನೆಗೆ ಹಂಚಿದ್ದ, ಪಟ್ಟಿಯ ನಂಬರಿರುವ ಮತದಾರರ ಚೀಟಿಗಳೆಲ್ಲ ರೇಷನ್ ಕಾರ್ಡಿನ ಕವರಿನಲ್ಲಿದ್ದವಂತೆ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ತಂದಿದ್ದಳು, ಅದು ಅತ್ತೆಯದು. ಫೋಟೋ ಇರುವ ಗುರುತಿನ ಚೀಟಿ ಕೇಳಬೇಕಿತ್ತು. ಅರ್ಧ ಗಂಟೆ ಮೊದಲಷ್ಟೇ ಅವಳ ಕೈಯ ಚಹಾ ಕುಡಿದಿದ್ದ ನಮ್ಮ ಮೊದಲನೇ ಪೋಲಿಂಗ್ ಆಫೀಸರು ಕೇಳಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಕೇಳಿ ಎನ್ನಲಿಲ್ಲ. ಅವರು ಚೀಟಿಯ ನಂಬರು ನೋಡಿ ಹೆಸರು ಕೂಗಿದರು, ಅವಳು ಹೂಂ ಎಂದಳು. ರೇಷನ್ ಅಂಗಡಿಯಲ್ಲಿ ಕಾರ್ಡು ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿರುತ್ತದೆ. ಅತ್ತೆಯ ಹೆಸರು ಕೂಗಿದಾಗಲೆಲ್ಲ ಹೂಂ ಎಂದು ಹೋಗಿ ಅಕ್ಕಿ ತಂದು ಅವಳಿಗೆ ರೂಢಿ. ಇಲ್ಲೂ ಹಾಗೆಯೇ ಎಂದುಕೊಂಡಳು. ಊರಿನವರೇ ಆದ ಇಬ್ಬರು ಪಾರ್ಟಿ ಏಜೆಂಟರು ಕೂಡ ತಲೆ ಎತ್ತದೆ ತಮ್ಮ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದರು.

ಹನ್ನೊಂದರ ಹೊತ್ತಿಗೆ ಅತ್ತೆ ಬಂದರು. ಎಪ್ಪತ್ತು ದಾಟಿದ ಜೀವ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುರುತಿನ ಚೀಟಿ. ನಿಮ್ಮ ವೋಟು ಆಗಿ ಹೋಗಿದೆಯಲ್ಲಮ್ಮ ಎಂದು ನಮ್ಮ ಆಫೀಸರು ಹೇಳಿದಾಗ ಅವರು ಜಗಳ ತೆಗೆಯಲಿಲ್ಲ. ಶಾಯಿಯಿಲ್ಲದ ಎಡಗೈ ಬೆರಳನ್ನು ನಮ್ಮಲ್ಲಿ ಒಬ್ಬೊಬ್ಬರಿಗೂ ತೋರಿಸುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು. ಅಷ್ಟರಲ್ಲಿ ಸೊಸೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು. ಏನಾಗಿದೆಯೆಂದು ಗೊತ್ತಾಗುತ್ತಲೇ ಅತ್ತಳು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಒಂಬತ್ತನೇ ಕ್ಲಾಸಿನವರು ಒಂದು ಹೆಜ್ಜೆ ತಪ್ಪಿ ಬರೆದರೆ ಪೂರ್ತಿ ಲೆಕ್ಕ ಹೊಡೆದುಹಾಕುವ ಟೀಚರು ನಾನು.

ಬೆಳಗಿನಿಂದ ಪರಸ್ಪರ ಮುಖ ನೋಡದೆ ಕೂತಿದ್ದ ಏಜೆಂಟರಿಬ್ಬರೂ ಈಗ ಒಂದಾದರು. ಸೊಸೆಯ ನಂಬರು ಹಾಗೇ ಖಾಲಿ ಇದೆ, ಅಜ್ಜಿಯಿಂದ ಅದರಲ್ಲಿ ಹಾಕಿಸಿಬಿಡಿ, ಯಾರದ್ದೂ ತಕರಾರಿಲ್ಲ ಎಂದರು. ಸೆಕ್ಟರ್ ಆಫೀಸರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಮತಗಟ್ಟೆಯಲ್ಲಿ ಕೆಟ್ಟ ಯಂತ್ರ ಬದಲಾಯಿಸುವ ಗಡಿಬಿಡಿಯಲ್ಲಿದ್ದರು. ದೊಡ್ಡದು ಮಾಡಬೇಡಿ, ಅಲ್ಲೇ ನೋಡಿಕೊಳ್ಳಿ ಎಂದು ಇಟ್ಟುಬಿಟ್ಟರು. ಹೊರಗೆ ಸಾಲು ಬೆಳೆಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸೂ ಆ ಕಡೆಗೇ ವಾಲಿತ್ತು. ಇಬ್ಬರ ಮತವೂ ಯಂತ್ರದೊಳಗೆ ಸೇರುತ್ತಿತ್ತು, ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಹಾಗೇ ಮಾಡೋಣವೇ ಎಂದು ಅಜ್ಜಿಯನ್ನೇ ಕೇಳಿದೆ.

"ಅದು ಅವಳ್ದು ಟೀಚ್ರೇ. ನಂದು ಹೋತು ಅಂತ ಅವಳ್ದು ನಾ ತಗಳದಾ?"

ಆಮೇಲೆ ನಾನು ಯಾರ ಮಾತನ್ನೂ ಕೇಳಲಿಲ್ಲ. ಕೈಪಿಡಿ ತೆರೆದು ನಿಯಮವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮತ ಹಾಕಿಬಿಟ್ಟಿದ್ದರೆ, ನಿಜವಾದ ಮತದಾರರಿಗೆ ಕಾಗದದ ಮತಪತ್ರ ಕೊಡಬೇಕು. ಅವರು ಮುದ್ರೆ ಒತ್ತಿ ಕೊಟ್ಟದ್ದನ್ನು ಬೇರೆ ಲಕೋಟೆಯಲ್ಲಿಡಬೇಕು. ಟೆಂಡರ್ ವೋಟು ಎನ್ನುತ್ತಾರೆ. ಆ ಮತಪತ್ರಗಳ ಕಟ್ಟನ್ನು ಬಿಚ್ಚುವ ಪ್ರಸಂಗ ನನಗೆ ಅದುವರೆಗೆ ಬಂದಿರಲಿಲ್ಲ. ಏಜೆಂಟರಲ್ಲಿ ಒಬ್ಬರು ಗೊಣಗಿದರು, ಇನ್ನೊಬ್ಬರು ಚಹಾದ ನೆಪದಲ್ಲಿ ಎದ್ದು ಹೋದರು.

ಅಜ್ಜಿ ಮತಪತ್ರವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದರು.

"ಇದನ್ನ ಎಣಿಸ್ತಾರಾ?"

ಅದಕ್ಕೆ ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು. ಇಲ್ಲಮ್ಮ, ಎಣಿಕೆಯ ದಿನ ಈ ಲಕೋಟೆ ಒಡೆಯುವುದಿಲ್ಲ, ಕೋರ್ಟಿನಲ್ಲಿ ಕೇಸು ನಡೆದು ಅಲ್ಲಿ ಹೇಳಿದರೆ ಮಾತ್ರ ಎಂದೆ. ಹೇಳುವಾಗ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅವರು ಪಾರ್ಟಿಷನ್ನಿನ ಹಿಂದೆ ಹೋಗಿ, ಯಂತ್ರದಲ್ಲಿ ಹಾಕಿದವರಿಗಿಂತ ಹೆಚ್ಚೇ ಹೊತ್ತು ತೆಗೆದುಕೊಂಡು ಮುದ್ರೆ ಒತ್ತಿ, ಮಡಚಿ ತಂದುಕೊಟ್ಟರು. ಫಾರಂನಲ್ಲಿ ಸಹಿ ಹಾಕಿದರು. ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ಏನು ಬರೆಯುತ್ತೀರಿ, ಓದಿ ಎಂದರು.

ಮತಗಟ್ಟೆಯ ಆಗುಹೋಗು ದಾಖಲಿಸುವ ಡೈರಿಯಲ್ಲಿ ಬರೆದು ಓದಿದೆ: ಗುರುತಿನ ಚೀಟಿ ಪರಿಶೀಲಿಸದೆ ಇದ್ದದ್ದು ಮತಗಟ್ಟೆ ಸಿಬ್ಬಂದಿಯ ತಪ್ಪು, ಮೊದಲು ಮತ ಹಾಕಿದ ಮಹಿಳೆಯಲ್ಲಿ ಮೋಸದ ಉದ್ದೇಶವಿರಲಿಲ್ಲ.

ಸೊಸೆಯ ಮಾತು ಬಂದಾಗ ತಲೆಯಾಡಿಸಿದರು. ಆದರೂ ಸಮಾಧಾನವಾಗಲಿಲ್ಲ.

"ನಾ ಬಂದಿದ್ದೆ ಅಂತ ಬರೀಲೇ ಇಲ್ವಲ್ಲ ನೀವು."

ಇನ್ನೊಂದು ಸಾಲು ಸೇರಿಸಿದೆ. ಅತ್ತೆ, ಸೊಸೆ ಇಬ್ಬರೂ ಅಡುಗೆಮನೆಯ ಕಡೆ ನಡೆದರು. ಮಧ್ಯಾಹ್ನ ನಮಗೆ ಬಡಿಸಿದ್ದು ಅತ್ತೆಯೇ. ಸೊಸೆ ಒಳಗಿಂದ ಹೊರಗೆ ಬರಲಿಲ್ಲ.

ಮರುದಿನ ತೀರ್ಥಹಳ್ಳಿಯಲ್ಲಿ ಡೈರಿಗಳ ಪರಿಶೀಲನೆ. ಅಭ್ಯರ್ಥಿಗಳ ಕಡೆಯವರ ಎದುರಿಗೇ ಚುನಾವಣಾ ಅಧಿಕಾರಿಗಳು ನನ್ನನ್ನು ನಿಲ್ಲಿಸಿ ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ವಾರದೊಳಗೆ ಕಾರಣ ಕೇಳಿ ನೋಟಿಸೂ ಬಂತು. ಕಚೇರಿಯ ಗುಮಾಸ್ತರೊಬ್ಬರು ನನಗೆ ಒಳ್ಳೆಯದಾಗಲಿ ಎಂದೇ ಉತ್ತರ ಬರೆದಿಟ್ಟಿದ್ದರು. ಮತದಾರರು ತಪ್ಪು ಚೀಟಿ ತಂದು ಗೊಂದಲ ಮಾಡಿದರು ಎಂದಿತ್ತು. ಸಹಿಯೊಂದು ಹಾಕಿದರೆ ಮುಗಿಯುತ್ತದೆ ಮೇಡಂ ಎಂದರು. ನಾನು ಅದನ್ನು ವಾಪಸು ಕೊಟ್ಟು, ಡೈರಿಯಲ್ಲಿದ್ದದ್ದನ್ನೇ ನನ್ನ ಕೈಯಾರೆ ಬರೆದುಕೊಟ್ಟೆ. ಸರ್ವಿಸ್ ರಿಜಿಸ್ಟರಿನಲ್ಲಿ ಎಚ್ಚರಿಕೆಯೊಂದು ಸೇರಿತು, ಇಂದಿಗೂ ಇದೆ.

ಎಣಿಕೆಯ ದಿನ ಟಿ.ವಿ.ಯಲ್ಲಿ ಸುತ್ತು ಸುತ್ತಿಗೂ ಅಂಕಿ ಬರುತ್ತಿದ್ದಾಗ ಗೆದ್ದವರು ಯಾರು ಎಂಬುದರ ಮೇಲೆ ನನಗೆ ಗಮನವಿರಲಿಲ್ಲ. ಅದರಲ್ಲಿ ಒಂದು ಕಡಿಮೆಯಿದೆ ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಗುಮಾಸ್ತರು ನನ್ನ ಉತ್ತರದ ಕೊನೆಯ ಸಾಲು ಅನಗತ್ಯ, ಹೊಡೆದುಹಾಕಿ ಎಂದಿದ್ದರು. ನಾನು ಹೊಡೆಯಲಿಲ್ಲ. "ಮತದಾರರು ಬೆಳಿಗ್ಗೆ ಹನ್ನೊಂದಕ್ಕೆ ಖುದ್ದಾಗಿ ಬಂದಿದ್ದರು" ಎಂದು ಅದರಲ್ಲಿ ಬರೆದಿದ್ದೆ.