ಏಳನೇ ನಂಬರ್ ಲಾರಿ ಮತ್ತು ಯಶೋದಮ್ಮನ ಗದ್ದೆ

ನಾಗಮಂಗಲದ ಬಡಗಿ ಮನೆತನದ ಶಿವಪ್ರಕಾಶ್ ಉಳಿ ಹಿಡಿಯದೆ ಕಂಪ್ಯೂಟರ್ ಕಲಿತದ್ದರಿಂದ ಮನೆಯವರು ಅವನನ್ನು ಕೆಲಸವಿಲ್ಲದವನೆಂದೇ ಎಣಿಸಿದ್ದರು. 1997ರಲ್ಲಿ ಅವನು ಕೆ.ಆರ್. ಪೇಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿಗೆ ಸೇರಿ, ಯಾವ ಗದ್ದೆಗೆ ಯಾವ ಲಾರಿ ಎಂದು ಗೊತ್ತುಮಾಡುವ ಪ್ರೋಗ್ರಾಂ ಬರೆದ. ಎರಡು ಕಂಪ್ಯೂಟರ್, ಇಬ್ಬರು ಗುಮಾಸ್ತರು. ಒಂದೇ ಲಾರಿಯನ್ನು ಇಬ್ಬರೂ ಬೇರೆ ಬೇರೆ ಕಡೆ ಕಳಿಸಬಾರದೆಂದು, ಒಬ್ಬರು ತೆರೆದ ದಾಖಲೆಗೆ ಲಾಕ್ ಬೀಳುವಂತೆ ಮಾಡಿದ್ದ. ಅವರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಕಾಯಿಸುವುದರಲ್ಲಿ ಆ ಆಫೀಸಿಗೆ ಮೊದಲೇ ಒಳ್ಳೆಯ ಅಭ್ಯಾಸವಿತ್ತು.

ಕಿರಿಯ ಗುಮಾಸ್ತ ಲಕ್ಷ್ಮಣ ಮೊದಲು ಗದ್ದೆಯ ದಾಖಲೆ ತೆರೆದು ಆಮೇಲೆ ಲಾರಿ ಹುಡುಕುತ್ತಿದ್ದ. ಹಿರಿಯರಾದ ಚಿಕ್ಕಸ್ವಾಮಿಯವರು ಮೊದಲು ಲಾರಿ ಹಿಡಿಯುತ್ತಿದ್ದರು. ಡ್ರೈವರುಗಳು ಕಿಟಕಿಯಲ್ಲಿ ನಿಂತು ಎಲೆ ಅಡಿಕೆ ಕೊಡುತ್ತಿದ್ದರು, ಗದ್ದೆಗಳು ಕೊಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಸೋಮವಾರ ಲಕ್ಷ್ಮಣ ಯಶೋದಮ್ಮನ ಗದ್ದೆ ತೆರೆದು ಏಳನೇ ನಂಬರ್ ಲಾರಿ ಕೇಳಿದ. ಅಷ್ಟರಲ್ಲಿ ಚಿಕ್ಕಸ್ವಾಮಿಯವರು ಅದೇ ಲಾರಿ ತೆರೆದು ಯಶೋದಮ್ಮನ ಗದ್ದೆ ಕೇಳಿದ್ದರು. ಎರಡು ಪರದೆಯಲ್ಲೂ 'ಕಾಯಿರಿ' ಎಂದು ಬಂತು. ಲಕ್ಷ್ಮಣ ಹಿರಿಯರೆಂಬ ಗೌರವದಿಂದ ಕಾದ. ಹಿರಿಯರು ಟೀ ಕುಡಿಯುತ್ತ ಕಾದರು. ಮಧ್ಯಾಹ್ನವಾಯಿತು.

ಬೆಳಗಿನಿಂದ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದ ಯಶೋದಮ್ಮ ಎದ್ದು ಬಂದರು. "ಕಡ್ದಿರೋ ಕಬ್ಬು ಎಲ್ಡ್ ದಿನದಿಂದ ಬಿಸ್ಲಲ್ಲಿ ಒಣಗ್ತಾ ಅದೆ ಕಣ್ರಪ್ಪ. ಇವತ್ತೂ ಲಾರಿ ಬರ್ನಿಲ್ಲ ಅಂದ್ರೆ ಸೌದೆನೇ ತೂಗ್ಬೇಕು ನೀವು."

ಮ್ಯಾನೇಜರ್ ನಂಜಪ್ಪ ಶಿವಪ್ರಕಾಶನ ಮೇಲೆ ಹರಿಹಾಯ್ದರು. "ಕಿತ್ತಾಕ್ಲಾ ಆ ಲಾಕ! ಇದೇನ್ ನಿಮ್ಮಪ್ಪ ಮಾಡಿದ್ ಬೀರುವಾ?"

ಶಿವಪ್ರಕಾಶ್ ಕಿತ್ತ. ಅರ್ಧ ಗಂಟೆಯಲ್ಲಿ ಲಕ್ಷ್ಮಣ ಆ ಲಾರಿಯನ್ನು ಯಶೋದಮ್ಮನಿಗೆ ಬರೆದ. ಅದರ ಬೆನ್ನಿಗೇ ಚಿಕ್ಕಸ್ವಾಮಿಯವರು ಅದನ್ನೇ ದೇವರಾಜು ಎಂಬ ಇನ್ನೊಬ್ಬ ರೈತನಿಗೆ ಬರೆದರು. ಕೊನೆಗೆ ಬರೆದದ್ದೇ ಉಳಿಯಿತು. ಲಾರಿ ದೇವರಾಜುವಿನ ಗದ್ದೆಗೆ ಹೋಯಿತು. ಅಲ್ಲಿ ಕಬ್ಬನ್ನು ಇನ್ನೂ ಕಡಿದೇ ಇರಲಿಲ್ಲ. ಕಾಯುವ ತೊಂದರೆ ಮಾತ್ರ ಪೂರ್ತಿ ತೀರಿತ್ತು.

ಶಿವಪ್ರಕಾಶ್ ಗುಮಾಸ್ತರಿಬ್ಬರ ಮುಂದೆ ಕೈಕಟ್ಟಿ ನಿಂತ. "ಅಣ್ಣಾ, ಗದ್ದೇನೇ ಮೊದ್ಲಾಗ್ಲಿ, ಲಾರೀನೇ ಮೊದ್ಲಾಗ್ಲಿ, ಇಬ್ರೂ ಒಂದೇ ವರಸೇಲಿ ತಗೊಂಡ್ರೆ ಸಿಕ್ಕಾಕೊಳಲ್ಲ."

"ಇಪ್ಪತ್ತೆಲ್ಡ್ ವರ್ಸ ಸರ್ವೀಸು ಕಣ್ಲಾ," ಎಂದರು ಚಿಕ್ಕಸ್ವಾಮಿ. "ಇವ್ನ್ ನೋಡಿ ನಾನ್ ಕಲೀಬೇಕಾ?"

"ಗದ್ದೆ ಯಾವ್ದು ಅಂತ್ಲೇ ಗೊತ್ತಿಲ್ದೆ ಲಾರಿ ಇಡ್ಕೊಂಡು ಏನ್ ಮೆರವಣಿಗೆ ಮಾಡ್ಲಾ?" ಎಂದ ಲಕ್ಷ್ಮಣ.

ಊಟ ಬಿಟ್ಟು ಶಿವಪ್ರಕಾಶ್ ನಾಲ್ಕು ಗಂಟೆಯವರೆಗೆ ಪ್ರೋಗ್ರಾಂ ತಿದ್ದಿದ. ಪರದೆಯ ಮೇಲೆ ಅವರವರ ಮರ್ಯಾದೆ ಅವರವರಿಗೆ: ಯಾರು ಯಾವುದನ್ನು ಮೊದಲು ಬರೆದರೂ ಸರಿ. ಲಾಕ್ ಬೀಳುವುದು ಎರಡೂ ಬರೆದು ಮುಗಿದ ಮೇಲೆಯೇ. ಆಗ ಇಬ್ಬರ ಕಂಪ್ಯೂಟರಿನಲ್ಲೂ ಒಳಗೊಳಗೆ ಮೊದಲು ಗದ್ದೆಗೆ, ಆಮೇಲೆ ಲಾರಿಗೆ. ಲಾರಿ ಇನ್ನೂ ಖಾಲಿಯೇ ಎಂದು ಮತ್ತೊಮ್ಮೆ ನೋಡಿ, ಬರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನ್ನೂ ಬಿಡುವುದು. ಟೀ ಕುಡಿಯಲು ಎದ್ದವರ ಹಿಂದೆ ಲಾಕ್ ಉಳಿಯುವಂತಿರಲಿಲ್ಲ.

ಲಾರಿ ಖಾಲಿ ಮರಳಿತ್ತು. ಇಬ್ಬರೂ ಅದನ್ನು ಯಶೋದಮ್ಮನ ಗದ್ದೆಗೇ ಬರೆದು ಒಟ್ಟಿಗೇ ಗುಂಡಿ ಒತ್ತಿದರು. ಒಬ್ಬರದು ನಡೆಯಿತು, ಇನ್ನೊಬ್ಬರಿಗೆ 'ಲಾರಿ ಹೋಗಿದೆ' ಎಂದು ಬಂತು. ತಾನು ಹೇಳಿದ ವರಸೆಯಿಂದಲೇ ಸರಿಹೋಯಿತೆಂದು ಇಬ್ಬರೂ ಮ್ಯಾನೇಜರಿಗೆ ವಿವರಿಸಿದರು. ಶಿವಪ್ರಕಾಶ್ ಇಬ್ಬರಿಗೂ ತಲೆಯಾಡಿಸಿದ.

ಯಶೋದಮ್ಮ ಲಾರಿಯ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಡ್ರೈವರಿನ ಪಕ್ಕ ಹತ್ತಿ ಕುಳಿತರು.

"ಜೋರಾಗಿ ಓಡ್ಸಪ್ಪ, ಒತ್ತು ಮುಳುಗೋದ್ರೊಳ್ಗೆ ತುಂಬ್ಬೇಕು."