ಗುಡಿಸಲು ಬಿಡದ ಸಂಜೆ

ನನ್ನ ಮೊಮ್ಮಗಳ ಬೆಕ್ಕು ಸಿಕ್ಕಿತು! ಬಾಲದ ತುದಿಯೂ ಕಳೆಯದೆ ಇಡಿಯಾಗಿ ಸಿಕ್ಕಿತು. ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದಿನದು ಬರೆಯಲಾಗದು.

ಬೆಕ್ಕೆಂದರೆ ಹಾಲು ಕುಡಿಯುವ ಬೆಕ್ಕಲ್ಲ. ನಾನು ಹೇಳಿದ ಬೆಣ್ಣೆಗಳ್ಳ ಬೆಕ್ಕಿನ ಕತೆಗೆ ಅವಳು ಬೇಸಿಗೆಯಿಡೀ ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಬೆಕ್ಕು ನಡೆಯುವಂತೆ ಮಾಡಿದ್ದಳು. ಕತೆ ಹೇಳುವ ದನಿಯೂ ಅವಳದೇ, ಅದೂ ಕನ್ನಡದಲ್ಲಿ. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು.

ಮೊನ್ನೆ ಶಾಲೆಯಿಂದ ಬಂದವಳು ಬೇಡದ್ದನ್ನು ಅಳಿಸಲು ಹೋಗಿ ಅದನ್ನೂ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿಬಿಟ್ಟಳು. ಇಲ್ಲೇ ಅಮೆರಿಕದ ಮೆನ್ಲೋ ಪಾರ್ಕಿನ ಆಫೀಸಿನಲ್ಲಿದ್ದ ಮಗಳಿಗೆ, ಅವಳ ಅಮ್ಮನಿಗೆ, ಫೋನು ಮಾಡಿದೆವು. ಅಳಿಸಿದ್ದು, ಅದರ ಜಾಗದಲ್ಲಿ ಬೇರೆಯದು ಕೂರುವ ತನಕ ಅಲ್ಲೇ ಇರುತ್ತದೆ ಎಂದಳು. ಆದರೆ ಆ ಹಳೆಯ ಕಂಪ್ಯೂಟರು ಯಾರೂ ಮುಟ್ಟದಿದ್ದರೆ ತಾನಾಗಿ ಡಿಸ್ಕನ್ನು ಓರಣ ಮಾಡಲು ಹೊರಟು, ಆ ಜಾಗಕ್ಕೆ ಬೇರೆಯದನ್ನು ತಂದಿಡುತ್ತದಂತೆ. ಆಫ್ ಮಾಡಲು ಹೋದರೆ ಅಪ್‌ಡೇಟು ಅಲ್ಲಿಗೇ ತುಂಬಿಕೊಳ್ಳುತ್ತದಂತೆ.

“ಅದು ಗುಡಿಸೋಕೆ ಶುರು ಮಾಡಿದ್ರೆ ಮುಗೀತು ಅಮ್ಮ. ನಾನು ಬರೋ ತನಕ ಮೌಸು ಅಲ್ಲಾಡಿಸ್ತಾ ಇರಿ. ಏನೂ ಒತ್ತಬೇಡಿ.”

“ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಗುಡಿಸ್ತಾರೇನೇ?” ಎಂದೆ. ನಗಿಸಲು ಹೇಳಿದ್ದಲ್ಲ. ನಮ್ಮೂರಲ್ಲಿ ಮುಸ್ಸಂಜೆಯಾದ ಮೇಲೆ ಕಸ ಹೊರಗೆ ಚೆಲ್ಲುತ್ತಿರಲಿಲ್ಲ. ಮೂಗುಬೊಟ್ಟು ಬಿದ್ದಿದ್ದರೆ ಅದರ ಜೊತೆ ಹೋದೀತೆಂದು ಬೆಳಗಿನ ತನಕ ಮೂಲೆಗೆ ಒತ್ತರಿಸುತ್ತಿದ್ದೆವು.

ಮೌಸು ನಾನು ಹಿಡಿದೆ. ತೊಟ್ಟಿಲು ತೂಗಿದ ಕೈ ಇದು. ಆದರೆ ಮಲಗಲೆಂದು ತೂಗಿದ್ದೇ ಹೊರತು, ಮಲಗದಿರಲೆಂದು ಯಾವತ್ತೂ ತೂಗಿರಲಿಲ್ಲ. ಪೆಟ್ಟಿಗೆಯೊಳಗೆ ಗರಗರ ಸದ್ದಾದಾಗಲೆಲ್ಲ ಬೆಕ್ಕಿನ ಕಾಲೊಂದು ಹೋಯಿತೇನೋ ಎಂದು ಇನ್ನೂ ಜೋರಾಗಿ ಅಲ್ಲಾಡಿಸುತ್ತಿದ್ದೆ. “ಡೋಂಟ್ ಸ್ಟಾಪ್ ಅಜ್ಜಿ” ಎನ್ನುತ್ತ ಅವಳು ನನ್ನ ಸೆರಗು ಹಿಡಿದು ಕೂತಳು. ಹೋದರೆ ಹೋಗಲಿ, ಮತ್ತೆ ಬರೆಯಬಹುದಲ್ಲ ಅಂದರೆ, ಇನ್ನು ಕನ್ನಡದ್ದು ಮಾಡುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಮಾತಿಗೇ ನಾನು ಹೆಚ್ಚು ಹೆದರಿದ್ದು. ಭುಜ ಸೆಳೆಯುತ್ತಿದ್ದರೂ ಕೈ ಬಿಡಲಿಲ್ಲ.

ಮಗಳು ಬಂದವಳೇ ಹೆಗಲ ಚೀಲವನ್ನೂ ಇಳಿಸದೆ ಕೂತು, ಕಂಪ್ಯೂಟರು ತಾನಾಗಿ ಓರಣ ಮಾಡಿಕೊಳ್ಳುವುದನ್ನು ನಿಲ್ಲಿಸಿದಳು. ಆಮೇಲೆ ಅಳಿಸಿದ್ದನ್ನು ಹುಡುಕಿದಳು. ಸಿಕ್ಕಿದ್ದನ್ನು ಒಂದು ಪೆನ್‌ಡ್ರೈವಿಗೆ ತೆಗೆದು ತೆರೆದರೆ, ಬೆಕ್ಕು ಅಡುಗೆಮನೆಯ ಹೊಸ್ತಿಲು ದಾಟುತ್ತಿತ್ತು!

ಊಟದ ಹೊತ್ತಿಗೆ ಬಂದ ಅಳಿಯ ಕಂಪ್ಯೂಟರನ್ನು ಊಟದ ಮೇಜಿನ ತುದಿಯಲ್ಲಿಟ್ಟ. ಸಾರನ್ನ ಕಲಸಿಕೊಂಡು ನಾಲ್ವರೂ ನೋಡಿದೆವು. ಬೆಕ್ಕು ಬೆಣ್ಣೆಗೆ ಬಾಯಿಟ್ಟ ಕೂಡಲೇ ಮೊಮ್ಮಗಳು ತಟ್ಟೆ ಮುಂದೆ ಚಾಚಿದಳು.

“ಅದಕ್ಕೆ ಮಾತ್ರಾನಾ? ನಂಗೂ ತುಪ್ಪ ಹಾಕು ಅಜ್ಜಿ.”

ಹಾಕಿದೆ. ಸಾಕು ಅನ್ನುವ ತನಕ ಹಾಕಿದೆ.